ಎತ್ತಿಗೆ ಜ್ವರ, ಎಮ್ಮೆಗೆ ಬರೆ! ಇಂಟರ್ನೆಟ್ ತೆವಳಿದರೆ ಲಿನಕ್ಸ್ ಮೇಲೇಕೆ ಗೂಬೆ?



'ಲಿನಕ್ಸ್ ಹಾಕಿಸಿದೆ ಗುರೂ, ಇಂಟರ್ನೆಟ್ ಪೂರ್ತಿ ಸ್ಲೋ. ಕಿತ್ತು ಬಿಸಾಕಿ ಮತ್ತೆ ವಿಂಡೋಸ್ ಹಾಕಿಸಿಬಿಟ್ಟೆ!' ಈ ಮಾತನ್ನು ನಿಮ್ಮಲ್ಲಿ ಎಷ್ಟು ಮಂದಿ ಆಡಿದ್ದೀರಿ? ಎಷ್ಟು ಮಂದಿ ಕೇಳಿ ಹೌದೆಂದು ತಲೆಯಾಡಿಸಿದ್ದೀರಿ? ಕಾಲೇಜಿನ ಕ್ಯಾಂಟೀನಿನಲ್ಲಿ, ಪಿ.ಜಿ. ಕೋಣೆಯಲ್ಲಿ, ಸೈಬರ್ ಸೆಂಟರಿನಲ್ಲಿ, ರಿಪೇರಿ ಅಂಗಡಿಯ ಕೌಂಟರಿನಲ್ಲಿ, ಎಲ್ಲೆಲ್ಲೂ ಇದೇ ತೀರ್ಪು. ವಿಚಾರಣೆ ಇಲ್ಲ, ಸಾಕ್ಷಿ ಇಲ್ಲ, ನೇರವಾಗಿ ಗಲ್ಲು!

ನಾನು ಕೇಳುವುದು ಒಂದೇ ಪ್ರಶ್ನೆ: ಅಳೆದು ನೋಡಿದಿರಾ? ನಿಧಾನವಾಗಿದ್ದು ಲೈನೋ, ವೈಫೈಯೋ, ಮೆಮೊರಿಯೋ, ಬ್ರೌಸರೋ, ಅಥವಾ ನೀವು ತೆರೆಯಲು ಹೊರಟ ಜಾಲತಾಣವೇ ಮಲಗಿತ್ತೋ? ಯಾವುದನ್ನೂ ನೋಡಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಿರಿ. ಎಮ್ಮೆಯೂ ಬೆಂದಿತು, ಎತ್ತಿನ ಜ್ವರವೂ ಇಳಿಯಲಿಲ್ಲ.

ನಾನು ಎಂಜಿನಿಯರ್ ಅಲ್ಲ. ಪಿ.ಯು.ಸಿ. ಓದಿ ಮುದ್ರಣಾಲಯ ನಡೆಸುತ್ತಿರುವವನು. ನಮ್ಮ ಕಸುಬಿನಲ್ಲಿ ಒಂದು ನಿಯಮವಿದೆ. ಆಫ್‌ಸೆಟ್ ಮೆಷಿನ್ನಿನಲ್ಲಿ ನಾಲ್ಕು ಬಣ್ಣ ಒಂದರ ಮೇಲೊಂದು ಕೂರದೆ ಅಚ್ಚು ಮಸುಕಾದರೆ ನಾವು ಮೆಷಿನ್ ಮಾರಲು ಓಡುವುದಿಲ್ಲ. ಪ್ಲೇಟ್ ನೋಡುತ್ತೇವೆ. ಬ್ಲಾಂಕೆಟ್ ನೋಡುತ್ತೇವೆ. ಗ್ರಿಪ್ಪರ್ ನೋಡುತ್ತೇವೆ. ಕಾಗದ ತೇವ ಹಿಡಿದಿದೆಯೇ ನೋಡುತ್ತೇವೆ. ಒಂದು ಸಲಕ್ಕೆ ಒಂದನ್ನೇ ಬದಲಿಸುತ್ತೇವೆ, ಒಂದು ಹಾಳೆ ಓಡಿಸಿ ನೋಡುತ್ತೇವೆ. ಕಬ್ಬಿಣದ ಮೆಷಿನ್ನಿಗೆ ಸಲ್ಲುವ ಈ ನ್ಯಾಯ ಕಂಪ್ಯೂಟರಿಗೆ ಯಾಕೆ ಸಲ್ಲಬಾರದು?

ಇದು ಚಿಕ್ಕ ವಿಷಯವಲ್ಲ

2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಆಸರೆಯನ್ನು ನಿಲ್ಲಿಸಿತು. ಇನ್ನೊಂದು ವರ್ಷದ ಗಡುವನ್ನು ಬೇರೆ ಷರತ್ತಿನ ಮೇಲೆ ಘೋಷಿಸಿತು, ಅಷ್ಟೆ. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ಚಿಪ್ ಬೇಕು, ಕಂಪನಿ ಒಪ್ಪಿದ ಪಟ್ಟಿಯಲ್ಲಿ ನಿಮ್ಮ ಪ್ರೊಸೆಸರ್ ಇರಬೇಕು. ಇಂಟೆಲ್ ಲೆಕ್ಕದಲ್ಲಿ ಹೇಳುವುದಾದರೆ 2017ರಲ್ಲಿ ಬಂದ ಎಂಟನೇ ತಲೆಮಾರಿಗಿಂತ ಹಿಂದಿನವು ಬಹುಪಾಲು ಹೊರಗೆ! ಕೈಕಾಲು ನೆಟ್ಟಗಿರುವ ಯಂತ್ರಗಳನ್ನು ಗುಜರಿಗೆ ಹಾಕಿ, ಹೊಸದು ತನ್ನಿ ಎಂಬ ಅಪ್ಪಣೆ ಇದು.

ಅಣ್ಣ ಬಿಟ್ಟುಹೋದ ಹಳೆಯ ಲ್ಯಾಪ್‌ಟಾಪಿನಲ್ಲಿ ಓದುವ ಹುಡುಗಿ ಏನು ಮಾಡಬೇಕು? ಡೆಲಿವರಿ ಕೆಲಸ ಮಾಡುತ್ತಾ ರಾತ್ರಿ ಪರೀಕ್ಷೆಗೆ ಕೂರುವ ಹುಡುಗ ಏನು ಮಾಡಬೇಕು? ಅವರಿಗೆ ಕೈಗೆಟುಕುವ ದಾರಿ ಲಿನಕ್ಸ್. 1991ರಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿಯಲ್ಲಿ ಲಿನಸ್ ಟೋರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ಶುರುಮಾಡಿದ್ದು, ಲೋಕದ ಸಾವಿರಾರು ಜನ ಕೈಗೂಡಿಸಿ ಬೆಳೆಸಿದ್ದು. ಲೈಸೆನ್ಸ್ ಹಣವಿಲ್ಲ, ಕಳ್ಳ ಕಾಪಿಯ ಅಂಜಿಕೆಯಿಲ್ಲ. ಈ ದಾರಿಯ ಬಾಯಿಗೇ 'ಇಂಟರ್ನೆಟ್ ಸ್ಲೋ' ಎಂಬ ಮುಳ್ಳುಬೇಲಿ ಹಾಕಿದರೆ ಅವರು ಮತ್ತೆ ಸಾಲ ಮಾಡಿ ಹೊಸ ಲ್ಯಾಪ್‌ಟಾಪ್ ಕೊಳ್ಳಬೇಕು, ಇಲ್ಲವೇ ಕದ್ದ ವಿಂಡೋಸ್ ಹಾಕಿಸಿಕೊಂಡು ವೈರಸ್ಸಿಗೆ ಬಾಗಿಲು ತೆರೆಯಬೇಕು. ಯಾರ ಹೊಟ್ಟೆ ತುಂಬುತ್ತದೆ, ಯಾರ ಜೇಬು ಬರಿದಾಗುತ್ತದೆ, ನೀವೇ ಲೆಕ್ಕ ಹಾಕಿ.

ಮೊದಲು ಮೂರು ಪರೀಕ್ಷೆ

ಒಂದು ಪುಟ ತೆರೆಯುವುದೆಂದರೆ ಒಂದು ಕೆಲಸವಲ್ಲ. ಹೆಸರನ್ನು ನಂಬರಾಗಿ ಬದಲಿಸಬೇಕು, ವೈಫೈ ದಾಟಬೇಕು, ಲೈನ್ ದಾಟಬೇಕು, ಆ ಕಡೆಯ ಸರ್ವರ್ ಉತ್ತರ ಕೊಡಬೇಕು, ಬಂದದ್ದನ್ನು ಬ್ರೌಸರ್ ಜೋಡಿಸಬೇಕು, ಅದಕ್ಕೆ ಮೆಮೊರಿ ಸಾಲಬೇಕು. ಈ ಸರಪಳಿಯಲ್ಲಿ ಒಂದು ಕೊಂಡಿ ಸಡಿಲಾದರೂ ನಿಮ್ಮ ಕಣ್ಣಿಗೆ ಕಾಣುವುದು ಒಂದೇ: ತಿರುಗುತ್ತಿರುವ ಚಕ್ರ. ಯಾವ ಕೊಂಡಿ ಎಂದು ಹುಡುಕಲು ಮೂರು ಪರೀಕ್ಷೆ ಸಾಕು. ಕಾಸು ಖರ್ಚಿಲ್ಲ.

ಒಂದು: ಅದೇ ವೈಫೈಯಲ್ಲಿ ಬೇರೊಂದು ಯಂತ್ರದಿಂದ ಅದೇ ಪುಟ ತೆರೆಯಿರಿ. ಅಲ್ಲೂ ತೆವಳಿದರೆ ನಿಮ್ಮ ಲಿನಕ್ಸ್ ನಿರಪರಾಧಿ.

ಎರಡು: ನಿಮ್ಮ ಯಂತ್ರವನ್ನು ಮೊಬೈಲಿನ ಹಾಟ್‌ಸ್ಪಾಟಿಗೆ ಜೋಡಿಸಿ ನೋಡಿ. ಅಲ್ಲಿ ಓಡಿದರೆ ತಪ್ಪಿರುವುದು ಮನೆಯ ರೂಟರಿನಲ್ಲಿ ಅಥವಾ ಲೈನಿನಲ್ಲಿ.

ಮೂರು: ಪೆನ್‌ಡ್ರೈವಿನಿಂದ ಲೈವ್ ಲಿನಕ್ಸ್ ಹಚ್ಚಿ. ಪೆನ್‌ಡ್ರೈವ್ ನಿಧಾನ, ಹಾಗಾಗಿ ಬ್ರೌಸರ್ ತೆರೆಯುವವರೆಗೆ ತಾಳ್ಮೆ ಇರಲಿ. ತೆರೆದ ಮೇಲೆ ಪುಟಗಳು ಸರಾಗವಾಗಿ ಬಂದರೆ ಯಂತ್ರವೂ ಸರಿ, ಲೈನೂ ಸರಿ. ನಿಮ್ಮ ಡಿಸ್ಕಿನಲ್ಲಿ ಕೂತಿರುವ ಸೆಟ್ಟಿಂಗಿನಲ್ಲಿ ಅಥವಾ ಆ ಡಿಸ್ಕಿನಲ್ಲೇ ಕೋಳೆ ಇದೆ.

ಹತ್ತು ಹದಿನೈದು ನಿಮಿಷದ ಕೆಲಸ. ಇದನ್ನು ಮಾಡದೆ ಯಾರಾದರೂ 'ಫಾರ್ಮ್ಯಾಟ್ ಮಾಡಬೇಕು' ಎಂದರೆ ಯಂತ್ರವನ್ನು ಬಗಲಲ್ಲಿಟ್ಟುಕೊಂಡು ಎದ್ದು ಬನ್ನಿ!

ಮನೆಯೊಳಗಿನ ಕಳ್ಳ: ವೈಫೈ

ಟರ್ಮಿನಲ್ ಎಂಬ ಕಪ್ಪು ಕಿಟಕಿ ಕಂಡರೆ ಹೆದರಬೇಡಿ. ಅದರಲ್ಲಿ ಪಿಂಗ್ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ, ಒಂದು ಜಾಗ ಬಿಟ್ಟು ನಿಮ್ಮ ರೂಟರಿನ ನಂಬರ್ ಕೊಡಿ. ಬಹಳ ಮನೆಗಳಲ್ಲಿ ಅದು 192.168.1.1 ಅಥವಾ 192.168.0.1. ಸಾಲುಸಾಲಾಗಿ ಮಿಲಿಸೆಕೆಂಡ್ ಲೆಕ್ಕ ಬರುತ್ತದೆ. ರೂಟರ್ ನಿಮ್ಮ ಕೋಣೆಯಲ್ಲೇ ಇದ್ದರೆ ಕೆಲವೇ ಮಿಲಿಸೆಕೆಂಡ್ ಇರಬೇಕು. 3, 4, 180, 5, 250 ಎಂದು ಕುಣಿಯುತ್ತಿದ್ದರೆ, ನಡುನಡುವೆ ಉತ್ತರವೇ ಬಾರದಿದ್ದರೆ ಕಳ್ಳ ಮನೆಯೊಳಗೇ ಇದ್ದಾನೆ. ಕಂಪನಿಗೆ ಬೈದು ಫಲವಿಲ್ಲ.

ಈಗ ಒಂದು ಲ್ಯಾನ್ ಕೇಬಲ್ ಚುಚ್ಚಿ ನೋಡಿ. ಸರಿಹೋಯಿತೇ? ಹಾಗಾದರೆ ತಪ್ಪು ವೈಫೈಯದು. ಅದರಲ್ಲೂ ಎರಡು ಕಾರಣ ಮುಖ್ಯ. 2.4 ಗಿಗಾಹರ್ಟ್ಸ್ ಅಲೆಯಲ್ಲಿ ಒಂದಕ್ಕೊಂದು ತಾಗದ ಚಾನಲ್ಲುಗಳು ಮೂರೇ: 1, 6, 11. ನಮ್ಮ ಅಪಾರ್ಟ್‌ಮೆಂಟುಗಳಲ್ಲಿ, ವಠಾರಗಳಲ್ಲಿ ಇಪ್ಪತ್ತು ರೂಟರುಗಳು ಈ ಮೂರರಲ್ಲೇ ಸಂತೆ ನಡೆಸುತ್ತಿರುತ್ತವೆ. ನಿಮ್ಮ ಯಂತ್ರಕ್ಕೆ 5 ಗಿಗಾಹರ್ಟ್ಸ್ ಶಕ್ತಿಯಿದ್ದರೆ ಅಲ್ಲಿಗೆ ಹೋಗಿ, ಇಲ್ಲದಿದ್ದರೆ ಚಾನಲ್ ಬದಲಿಸಿ.

ಎರಡನೆಯದು ಲಿನಕ್ಸಿನದೇ ಲೆಕ್ಕ, ಮುಚ್ಚಿಡುವುದಿಲ್ಲ. ಬ್ಯಾಟರಿ ಉಳಿಸಲೆಂದು ವೈಫೈ ಕಾರ್ಡನ್ನು ಆಗಾಗ ತೂಕಡಿಸಲು ಬಿಡುವ ವ್ಯವಸ್ಥೆ ಇದೆ. ಕೆಲವು ಕಾರ್ಡುಗಳು ತೂಕಡಿಸಿದರೆ ಬೇಗ ಏಳುವುದೇ ಇಲ್ಲ. ಉಬುಂಟುವಿನಲ್ಲಿ ನೆಟ್‌ವರ್ಕ್ ಮ್ಯಾನೇಜರಿನ ಕಡತಗಳ ನಡುವೆ ವೈಫೈ ಪವರ್‌ಸೇವ್ ಎಂಬ ಸಾಲಿದೆ. ಅದರ ಮುಂದೆ 3 ಇದ್ದರೆ ತೂಕಡಿಕೆ ಚಾಲೂ, 2 ಎಂದು ಬದಲಿಸಿದರೆ ಬಂದ್. ಒಂದು ಅಂಕಿಯ ವಿಷಯ! ಇದಕ್ಕಾಗಿ ಇಡೀ ವ್ಯವಸ್ಥೆಯನ್ನೇ ಕಿತ್ತೆಸೆದವರಿದ್ದಾರೆ.

ಇನ್ನೊಂದು ಮಾತು. ನಮ್ಮಲ್ಲಿ ಪ್ಲೇಟ್ ಮಾಡುವವರಿಗೆ ದೊಡ್ಡ ಪಿಡಿಎಫ್ ಕಳಿಸುವಾಗ ಪ್ರೆಸ್ಸಿನ ಎಲ್ಲ ಯಂತ್ರಗಳಲ್ಲೂ ಪುಟಗಳು ನಿಂತುಬಿಡುತ್ತವೆ. ಹೋಗುವ ದಾರಿ ತುಂಬಿದರೆ ಬರುವ ಪುಟವೂ ಕಾಯುತ್ತದೆ, ಏಕೆಂದರೆ 'ಪುಟ ಕಳಿಸಿ' ಎಂಬ ನಿಮ್ಮ ಬೇಡಿಕೆಯೇ ಸರತಿಯಲ್ಲಿ ಸಿಕ್ಕಿಕೊಂಡಿರುತ್ತದೆ. ಮನೆಯಲ್ಲಿ ಯಾರ ಫೋನೋ ಫೋಟೋಗಳನ್ನು ಮೇಲಕ್ಕೆ ಏರಿಸುತ್ತಿದೆಯೇ, ಮೊದಲು ನೋಡಿ.

ಐದು ಸೆಕೆಂಡಿನ ಗುಟ್ಟು

ಈಗ ಹೊರಗಿನ ದಾರಿ. 1.1.1.1 ಎಂಬ ನಂಬರಿಗೆ ಪಿಂಗ್ ಮಾಡಿ. ಆಮೇಲೆ ಯಾವುದಾದರೂ ಜಾಲತಾಣದ ಹೆಸರಿಗೆ ಪಿಂಗ್ ಮಾಡಿ. ನಂಬರಿಗೆ ತಕ್ಷಣ ಉತ್ತರ ಬಂದು, ಹೆಸರಿಗೆ ಮಾತ್ರ ಮೊದಲ ಸಾಲು ಬರುವ ಮುನ್ನವೇ ಯಂತ್ರ ಬಾಯಿ ಬಿಟ್ಟು ಕೂತರೆ ರೋಗ ಸಿಕ್ಕಿತು: ಡಿಎನ್‌ಎಸ್.

ಡಿಎನ್‌ಎಸ್ ಅಂದರೆ ಇಂಟರ್ನೆಟ್ಟಿನ ವಿಳಾಸ ಪುಸ್ತಕ. 1983ರಲ್ಲಿ ಪಾಲ್ ಮೊಕಪೆಟ್ರಿಸ್ ರೂಪಿಸಿದ ಏರ್ಪಾಡು. ಹೆಸರು ಕೊಟ್ಟರೆ ನಂಬರ್ ಕೊಡುತ್ತದೆ. ನಿಮ್ಮ ಯಂತ್ರದಲ್ಲಿ ಇಂತಹ ಎರಡು ಮೂರು ಪುಸ್ತಕಗಳ ವಿಳಾಸ ಬರೆದಿರುತ್ತದೆ. ಮೊದಲನೆಯದು ಸತ್ತಿದ್ದರೆ? ಲಿನಕ್ಸಿನ ಹಳೆಯ ಪದ್ಧತಿಯಲ್ಲಿ ಅದರ ಬಾಗಿಲಲ್ಲಿ 5 ಸೆಕೆಂಡ್ ಕಾದು, ಆಮೇಲೆ ಎರಡನೆಯವರ ಮನೆಗೆ ಹೋಗುತ್ತದೆ. ಈಗಿನ ಒಂದು ಸುದ್ದಿಪುಟ ಹತ್ತಾರು ಬೇರೆ ಬೇರೆ ಹೆಸರುಗಳಿಂದ ಸಾಮಾನು ತರಿಸುತ್ತದೆ. ಹೊಸ ಹೆಸರು ಬಂದಾಗಲೆಲ್ಲ ಐದೈದು ಸೆಕೆಂಡ್ ಕಾದರೆ ಪುಟ ಯಾವಾಗ ಬರಬೇಕು?

ನಮ್ಮ ಪ್ರೆಸ್ಸಿನ ಲೆಕ್ಕಪತ್ರದ ಯಂತ್ರಕ್ಕೂ ಇದೇ ಆಗಿತ್ತು. ರಿಪೇರಿಯವನೊಬ್ಬ ಬಂದು, ಮೂಗು ಮುರಿದು, 'ಲಿನಕ್ಸಿಗೆ ಇಷ್ಟೇ ಸಾರ್, ಬೋರ್ಡೂ ಹಳೇದು, ಎಲ್ಲಾ ಚೇಂಜ್ ಮಾಡಿಸಿ' ಎಂದ. ಇದ್ದ ದೋಷ ಏನು? ಹಿಂದಿನ ಇಂಟರ್ನೆಟ್ ಲೈನ್ ಹಾಕಿದವನು ಬರೆದಿಟ್ಟು ಹೋಗಿದ್ದ ಡಿಎನ್‌ಎಸ್ ನಂಬರ್ ಮೊದಲ ಸ್ಥಾನದಲ್ಲೇ ಕೂತಿತ್ತು. ಲೈನ್ ಬದಲಾಗಿತ್ತು, ನಂಬರ್ ಬದಲಾಗಿರಲಿಲ್ಲ. ಅದನ್ನು ಅಳಿಸಿದ್ದೇ ತಡ, ಪುಟಗಳು ಓಡತೊಡಗಿದವು. ಬೋರ್ಡ್ ಇವತ್ತಿಗೂ ಅದೇ.

ನಿಮ್ಮ ಕಂಪನಿಯ ಡಿಎನ್‌ಎಸ್ ನಿಧಾನವಾಗಿದ್ದರೆ ಸಾರ್ವಜನಿಕರಿಗೆ ತೆರೆದಿಟ್ಟವು ಇವೆ: ಗೂಗಲ್‌ನ 8.8.8.8, ಕ್ಲೌಡ್‌ಫ್ಲೇರ್‌ನ 1.1.1.1, ಕ್ವಾಡ್9ರ 9.9.9.9. ನೆಟ್‌ವರ್ಕ್ ಸೆಟ್ಟಿಂಗಿನಲ್ಲಿ ಬರೆದರೆ ಮುಗಿಯಿತು. ಆದರೆ ನೆನಪಿಡಿ, ನೀವು ಯಾವ ತಾಣಕ್ಕೆ ಹೋಗುತ್ತೀರಿ ಎಂಬುದು ವಿಳಾಸ ಪುಸ್ತಕ ಇಟ್ಟವನಿಗೆ ತಿಳಿಯುತ್ತದೆ. ಪುಕ್ಕಟೆ ಎಂದು ಕಣ್ಣು ಮುಚ್ಚಿ ನುಂಗಬೇಡಿ.

ಯಾರದೋ ಔಷಧಿ, ಯಾರದೋ ಹೊಟ್ಟೆ

ಇನ್ನೊಂದು ಚಟವಿದೆ ನಿಮ್ಮಲ್ಲಿ. ಎಲ್ಲೋ ಯಾರೋ ಬರೆದ ಆದೇಶವನ್ನು ಕಾಪಿ ಹೊಡೆದು ಟರ್ಮಿನಲ್ಲಿಗೆ ಸುರಿಯುವುದು. 'ಐಪಿವಿ6 ಆಫ್ ಮಾಡು, ನೆಟ್ ಫಾಸ್ಟ್ ಆಗುತ್ತೆ' ಎಂಬುದು ಇಂತಹ ಔಷಧಿಗಳಲ್ಲಿ ಬಲು ಹಳೆಯದು. ಐಪಿವಿ6 ಹೊಸ ಕಾಲದ ವಿಳಾಸ ಪದ್ಧತಿ. ನಮ್ಮ ದೇಶದ ಮೊಬೈಲ್ ಜಾಲಗಳಲ್ಲಿ ಅದು ಬಹಳ ಹರಡಿದೆ. ಒಂದು ಕಾಲದಲ್ಲಿ, ಅರೆಬರೆ ಐಪಿವಿ6 ಇದ್ದ ಕಡೆ, ಅದಕ್ಕಾಗಿ ಕಾದು ಕಾದು ಪುಟ ತಡವಾಗುತ್ತಿದ್ದುದು ನಿಜ. ಈಗಿನ ಬ್ರೌಸರುಗಳು ಎರಡು ದಾರಿಯನ್ನೂ ಪ್ರಯತ್ನಿಸಿ ಬೇಗ ತೆರೆದದ್ದನ್ನು ಹಿಡಿಯುತ್ತವೆ. ನಿಮ್ಮ ಐಪಿವಿ6 ಸರಿಯಾಗಿದ್ದರೆ ಅದನ್ನು ಮುಚ್ಚುವುದು ಆರೋಗ್ಯವಾಗಿರುವ ಹಲ್ಲು ಕೀಳಿಸಿದ ಹಾಗೆ. ಮೊದಲು ಅಳೆಯಿರಿ, ಆಮೇಲೆ ಕೈ ಹಾಕಿ. ಬದಲಿಸುವ ಮುನ್ನ ಮೂಲ ಏನಿತ್ತೆಂದು ಒಂದು ಚೀಟಿಯಲ್ಲಿ ಬರೆದಿಡಿ.

ಕೆಲವು ತಾಣ ಮಿಂಚಿನಂತೆ, ಕೆಲವು ಮಾತ್ರ ಅರ್ಧಕ್ಕೆ ನಿಂತು ಕೊನೆಗೂ ಬಾರದಿದ್ದರೆ ಅದು ಬೇರೆ ರೋಗ. ಫೈಬರ್ ಲೈನುಗಳಲ್ಲಿ ಯೂಸರ್ ನೇಮ್, ಪಾಸ್‌ವರ್ಡ್ ಕೊಟ್ಟು ಹೋಗುವ ಪಿಪಿಪಿಓಇ ಪದ್ಧತಿ ಇದ್ದರೆ ಒಂದು ಪೊಟ್ಟಣದ ಗರಿಷ್ಠ ಗಾತ್ರ ಸಾಮಾನ್ಯವಾಗಿ 1500 ಅಲ್ಲ, 1492. ರೂಟರಿನಲ್ಲಿ ಎಂಟಿಯು ಎಂಬ ಮನೆಯಲ್ಲಿ ತಪ್ಪು ಅಂಕಿ ಇದ್ದರೆ ದೊಡ್ಡ ಪೊಟ್ಟಣಗಳು ದಾರಿಯಲ್ಲೇ ಮಾಯ! ಇದಕ್ಕೂ ಲಿನಕ್ಸಿಗೂ ಏನು ಸಂಬಂಧ?

ಮೆಮೊರಿ ಎಂಬ ಮೇಜು

ಲೈನ್ ಸರಿಯಿದ್ದೂ ತೆವಳಿದರೆ ಈಗ ಯಂತ್ರದ ಸರದಿ. ಟರ್ಮಿನಲ್ಲಿನಲ್ಲಿ ಫ್ರೀ ಎಂಬ ಆದೇಶ ಕೊಡಿ. ಅಲ್ಲಿ 'ಫ್ರೀ' ಎಂಬ ಕಂಬಸಾಲಿನಲ್ಲಿ ಚೂರೇ ಚೂರು ಉಳಿದಿರುವುದನ್ನು ಕಂಡು 'ಲಿನಕ್ಸ್ ಎಲ್ಲ ಮೆಮೊರಿ ನುಂಗಿತು' ಎಂದು ಬೊಬ್ಬೆ ಹೊಡೆಯುತ್ತೀರಿ. ಅದು ಅಜ್ಞಾನ. ಖಾಲಿ ಬಿದ್ದಿರುವ ಮೆಮೊರಿಯನ್ನು ಲಿನಕ್ಸ್ ಡಿಸ್ಕಿನ ಕಡತಗಳನ್ನು ಹತ್ತಿರ ಇಟ್ಟುಕೊಳ್ಳಲು ಬಳಸುತ್ತದೆ, ಬೇಕೆಂದಾಗ ಬಿಟ್ಟುಕೊಡುತ್ತದೆ. ನೀವು ನೋಡಬೇಕಾದದ್ದು 'ಅವೈಲೆಬಲ್' ಎಂಬ ಕಂಬಸಾಲು, ಮತ್ತು ಕೆಳಗಿನ 'ಸ್ವಾಪ್' ಸಾಲು.

ಸ್ವಾಪ್ ಅಂದರೆ ಮೇಜು ತುಂಬಿದಾಗ ಸಾಮಾನನ್ನು ಗೋಡೌನಿಗೆ ಸಾಗಿಸುವುದು. ಗೋಡೌನ್ ಹಳೆಯ ತಿರುಗುವ ಹಾರ್ಡ್‌ಡಿಸ್ಕ್ ಆಗಿದ್ದರೆ ಮುಗಿಯಿತು ಕಥೆ. ಮೌಸ್ ಕೂಡ ಅಲ್ಲಾಡುವುದಿಲ್ಲ, ಡಿಸ್ಕಿನ ದೀಪ ಆರುವುದಿಲ್ಲ. 2 ಜಿಬಿ ಯಂತ್ರದಲ್ಲಿ ಮೂವತ್ತು ಟ್ಯಾಬ್ ತೆರೆದಿಟ್ಟುಕೊಂಡು ಇಂಟರ್ನೆಟ್ಟಿಗೆ ಶಾಪ ಹಾಕುವವರನ್ನು ಏನೆನ್ನಬೇಕು? ಕುಣಿಯಲಾರದವಳು ನೆಲ ಡೊಂಕು ಎಂದಳಂತೆ!

ಮದ್ದು ಹೀಗಿದೆ. ಟ್ಯಾಬ್ ಕಡಿಮೆ ಮಾಡಿ. ಭಾರದ ಡೆಸ್ಕ್‌ಟಾಪ್ ಬಿಟ್ಟು ಎಕ್ಸ್‌ಎಫ್‌ಸಿಇ, ಎಲ್‌ಎಕ್ಸ್‌ಕ್ಯೂಟಿಯಂತಹ ಹಗುರ ಡೆಸ್ಕ್‌ಟಾಪ್ ಹಾಕಿಕೊಳ್ಳಿ. ಝಡ್‌ರ್‍ಯಾಮ್ ಚಾಲೂ ಮಾಡಿ. ಅದು ಸಾಮಾನನ್ನು ಗೋಡೌನಿಗೆ ಸಾಗಿಸದೆ ಮೇಜಿನ ಮೇಲೇ ಒತ್ತಿ ಮಡಚಿಡುತ್ತದೆ. ಫೆಡೋರಾದಲ್ಲಿ 2020ರಿಂದ ಅದು ತಾನಾಗಿಯೇ ಬರುತ್ತದೆ. ದುಡ್ಡು ಹಾಕುವುದೇ ಆದರೆ ಮೊದಲು ಎಸ್‌ಎಸ್‌ಡಿ, ಆಮೇಲೆ ಮೆಮೊರಿ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಹಳೆಯ ಮೆಮೊರಿ ಪಟ್ಟಿಗಳು ಸಿಗುತ್ತವೆ. ಡಿಡಿಆರ್3 ಜಾಗಕ್ಕೆ ಡಿಡಿಆರ್4 ಕೂರುವುದಿಲ್ಲ, ನೋಡಿ ಕೊಳ್ಳಿ. ಫ್ಯಾನಿನ ದೂಳು ಊದಿಸಿ. ಕಾಗದದ ದೂಳಿನಲ್ಲೇ ಬದುಕುವ ನಮಗೆ ಇದು ಚೆನ್ನಾಗಿ ಗೊತ್ತು: ಬಿಸಿಯಾದ ಪ್ರೊಸೆಸರ್ ತನ್ನ ಜೀವ ಉಳಿಸಿಕೊಳ್ಳಲು ತಾನೇ ವೇಗ ಇಳಿಸಿಕೊಳ್ಳುತ್ತದೆ.

ಬ್ರೌಸರಿನ ಹೊಟ್ಟೆಯೊಳಗೆ

ಫೈರ್‌ಫಾಕ್ಸಿನ ವಿಳಾಸದ ಜಾಗದಲ್ಲಿ ಅಬೌಟ್, ಕೋಲನ್, ಪ್ರೊಸೆಸಸ್ ಎಂದು ಇಂಗ್ಲಿಷಿನಲ್ಲಿ ಜಾಗ ಬಿಡದೆ ಟೈಪ್ ಮಾಡಿ. ಯಾವ ಟ್ಯಾಬ್, ಯಾವ ಆಡ್‌ಆನ್ ಎಷ್ಟು ತಿನ್ನುತ್ತಿದೆ ಎಂಬ ಜಾತಕ ತೆರೆಯುತ್ತದೆ. ಕ್ರೋಮಿನಲ್ಲಿ ಶಿಫ್ಟ್ ಮತ್ತು ಎಸ್ಕೇಪ್ ಒತ್ತಿದರೆ ಇಂತಹುದೇ ಪಟ್ಟಿ. ಕಾಣದ ಹತ್ತು ಆಡ್‌ಆನ್‌ಗಳನ್ನು ಕಿತ್ತುಹಾಕಿ. ಫೈರ್‌ಫಾಕ್ಸನ್ನು ಟ್ರಬಲ್‌ಶೂಟ್ ಮೋಡಿನಲ್ಲಿ ತೆರೆದು ನೋಡಿ. ಅಲ್ಲಿ ಚುರುಕಾಗಿದ್ದರೆ ಆಡ್‌ಆನ್ ಅಪರಾಧಿಯಾಗಿರಬಹುದು.

ಬ್ರೌಸರ್ ಮೊದಲ ಸಲ ತೆರೆಯುವುದಷ್ಟೇ ನಿಧಾನವೇ? ಉಬುಂಟು 22.04ರಿಂದ ಫೈರ್‌ಫಾಕ್ಸ್ ಸ್ನ್ಯಾಪ್ ಎಂಬ ಪೆಟ್ಟಿಗೆಯಲ್ಲಿ ಬರುತ್ತದೆ. ಹಳೆಯ ಯಂತ್ರದಲ್ಲಿ ಆ ಪೆಟ್ಟಿಗೆ ಬಿಚ್ಚಲು ಹೊತ್ತು ಹಿಡಿಯುತ್ತದೆ. 2024ರಿಂದ ಮೊಝಿಲ್ಲಾ ತಾನೇ ಡೆಬ್ ರೂಪದಲ್ಲಿ ಕೊಡುತ್ತಿದೆ, ಅದನ್ನು ಹಾಕಿಕೊಳ್ಳಿ. ವಿಡಿಯೋ ಮಾತ್ರ ಕುಂಟುತ್ತಿದೆಯೇ? ಯೂಟ್ಯೂಬ್ ಕಳಿಸುವ ವಿಪಿ9, ಎವಿ1 ಬಗೆಗಳನ್ನು ಹಳೆಯ ಗ್ರಾಫಿಕ್ಸ್ ಚಿಪ್ಪುಗಳು ಬಿಡಿಸಲಾರವು, ಭಾರವೆಲ್ಲ ಪ್ರೊಸೆಸರಿನ ತಲೆಗೆ ಬೀಳುತ್ತದೆ. 480ಕ್ಕೆ ಇಳಿಸಿ ನೋಡಿ.

ನಿಜವಾದ ಆರೋಪಿ ಯಾರು?

ಇಷ್ಟೆಲ್ಲ ಹುಡುಕಿದ ಮೇಲೂ ನಿಧಾನವೆಂದರೆ ಕಟಕಟೆಯಲ್ಲಿ ನಿಲ್ಲಬೇಕಾದವರು ಜಾಲತಾಣ ಕಟ್ಟುವವರು. ಒಂದು ಪುಟದ ಸುದ್ದಿ ಓದಲು ಹೋದರೆ ಜಾಹೀರಾತು, ತಾನಾಗಿ ಓಡುವ ವಿಡಿಯೋ, ಹಿಂದೆ ಬಿದ್ದು ಬೇಹು ಮಾಡುವ ಸ್ಕ್ರಿಪ್ಟು! ಸುದ್ದಿ ಒಂದು ಹಿಡಿ, ಹೊಟ್ಟು ಒಂದು ಮೂಟೆ. ಈ ಹೊರೆಯನ್ನು ನಮ್ಮ ಬಡ ಯಂತ್ರ ಹೊರಬೇಕು, ನಮ್ಮ ಡೇಟಾ ತೆರಬೇಕು. ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ಮೊಸರು ತಿಂದವರು ಜಾಹೀರಾತಿನವರು, ಬಾಯಿಗೆ ಒರೆಸಿಕೊಂಡದ್ದು ಲಿನಕ್ಸ್!

ಯುಬ್ಲಾಕ್ ಒರಿಜಿನ್ ಎಂಬ ಪುಕ್ಕಟೆ ಆಡ್‌ಆನ್ ಈ ಹೊಟ್ಟನ್ನು ತೂರಿ ಹಾಕುತ್ತದೆ. ಫೈರ್‌ಫಾಕ್ಸಿನಲ್ಲಿ ಅದು ಪೂರ್ಣವಾಗಿ ಕೆಲಸ ಮಾಡುತ್ತದೆ. ಗೂಗಲ್ ತನ್ನ ಕ್ರೋಮಿನ ನಿಯಮ ಬದಲಿಸಿ ಅಲ್ಲಿಂದ ಅದನ್ನು ಹೊರದಬ್ಬಿತು, ಲೈಟ್ ಎಂಬ ಮರಿ ಮಾತ್ರ ಉಳಿಯಿತು. ಜಾಹೀರಾತಿನ ಆದಾಯದಲ್ಲಿ ಬದುಕುವ ಕಂಪನಿಯೇ ಬ್ರೌಸರ್ ಕೊಟ್ಟರೆ ಇನ್ನೇನಾದೀತು?

ಕನ್ನಡದಲ್ಲಿ ಜಾಲತಾಣ ಕಟ್ಟುವ ಹುಡುಗರೇ, ನಿಮಗೂ ಒಂದು ಮಾತು. ನಿಮ್ಮ ಓದುಗ ಹಳೆಯ ಯಂತ್ರದಲ್ಲಿ, ಮಿಣಿಮಿಣಿ ಸಿಗ್ನಲ್ಲಿನಲ್ಲಿ ಕೂತಿದ್ದಾನೆ. ಅವನಿಗೆ ಅಕ್ಷರ ಮೊದಲು ಬರಲಿ, ಅಲಂಕಾರ ಆಮೇಲೆ ಬರಲಿ. ಅರ್ಜಿ ಹಾಕುವ ಕೊನೆಯ ದಿನ ತಾಣ ಕುಸಿದು ಕೂತರೆ ಅದು ಆ ಕಡೆಯ ಸರ್ವರಿನ ಸೋಲು. ಅದಕ್ಕೂ ಹುಡುಗ ತನ್ನ ಲ್ಯಾಪ್‌ಟಾಪಿಗೆ ಬಡಿಯುತ್ತಾ ಕೂರುವುದು ಯಾವ ನ್ಯಾಯ?

ಇನ್ನು ನಿಮ್ಮ ಕೆಲಸ

ಲಿನಕ್ಸಿನಲ್ಲಿ ದೋಷವೇ ಇಲ್ಲ ಎನ್ನುವ ಭಜನೆ ನನ್ನದಲ್ಲ. ಕೆಲವು ವೈಫೈ ಚಿಪ್ಪುಗಳಿಗೆ ತಯಾರಕರು ಸರಿಯಾದ ಡ್ರೈವರ್ ಕೊಡುವುದಿಲ್ಲ, ಬಳಸುವವರು ಪಾಡು ಪಡುತ್ತಾರೆ. ನಮ್ಮ ಕಸುಬಿನ ಪೇಜ್‌ಮೇಕರ್, ಕೋರೆಲ್ ಡ್ರಾಗಳಿಗಾಗಿ ವಿನ್ಯಾಸದ ಯಂತ್ರದಲ್ಲಿ ವಿಂಡೋಸ್ ಇಟ್ಟುಕೊಂಡೇ ಇದ್ದೇವೆ. ನಾನು ಹೇಳುವುದು ಇಷ್ಟೇ: ದೋಷವಿದ್ದರೆ ಹೆಸರಿಟ್ಟು ಹೇಳಿ, ಅಂಕಿ ಇಟ್ಟು ಹೇಳಿ. ಸುಮ್ಮನೆ ಗೂಬೆ ಕೂರಿಸಬೇಡಿ.

ಇಂಟರ್ನೆಟ್ ಕಂಪನಿಗೆ ಫೋನ್ ಮಾಡಿದಾಗ 'ಸ್ಲೋ ಇದೆ ಸಾರ್' ಎಂದು ಗೋಗರೆಯಬೇಡಿ. 'ರೂಟರಿಗೆ 3 ಮಿಲಿಸೆಕೆಂಡ್ ಇದೆ, ಹೊರಗೆ 400 ಆಗುತ್ತಿದೆ, ನೂರಕ್ಕೆ ಹತ್ತು ಪೊಟ್ಟಣ ಕಳೆದುಹೋಗುತ್ತಿವೆ, ಕೇಬಲ್ ಹಾಕಿ ಪರೀಕ್ಷೆ ಮಾಡಿದ್ದೇನೆ' ಎಂದು ಅಚ್ಚ ಕನ್ನಡದಲ್ಲಿ ಹೇಳಿ. ಕನ್ನಡದಲ್ಲೇ ಉತ್ತರ ಕೇಳಿ. 'ರೀಸ್ಟಾರ್ಟ್ ಮಾಡಿ' ಎಂಬ ಗಿಳಿಪಾಠ ಅಲ್ಲಿಗೇ ನಿಲ್ಲುತ್ತದೆ. ಅಂಕಿ ಹಿಡಿದು ಮಾತಾಡುವವನನ್ನು ಯಾರೂ ಸುಲಭವಾಗಿ ಸಾಗಹಾಕಲಾರರು.

ನಿಮ್ಮ ಬೀದಿಗೆ ಒಬ್ಬರಾದರೂ ಈ ವಿದ್ಯೆ ಕಲಿಯಿರಿ. ಫೈರ್‌ಫಾಕ್ಸ್ ಕನ್ನಡದಲ್ಲಿ ಸಿಗುತ್ತದೆ. ಗುಬ್ಬಿ, ನವಿಲು ಎಂಬ ಕನ್ನಡ ಅಕ್ಷರವಿನ್ಯಾಸಗಳು ಡೆಬಿಯನ್ನಿನ ಭಂಡಾರದಲ್ಲೇ ಇವೆ. ಕೆ.ಜಿ.ಪಿ. ಕೀಲಿಮಣೆ ವಿನ್ಯಾಸವೂ ಇದೆ. ಹಾಕಿಕೊಡಿ, ತೋರಿಸಿಕೊಡಿ. ಪಕ್ಕದ ಮನೆಯ ಹುಡುಗಿಯ ಹಳೆಯ ಲ್ಯಾಪ್‌ಟಾಪ್ ಗುಜರಿಗೆ ಹೋಗುವ ಮುನ್ನ ಹದಿನೈದು ನಿಮಿಷ ಅದರ ಮುಂದೆ ಕೂತುಕೊಳ್ಳಿ. ಮೂರು ಪರೀಕ್ಷೆ, ಒಂದು ಚೀಟಿ, ಒಂದು ಪೆನ್ನು ಸಾಕು. ಅವಳ ಓದು ಈ ವರ್ಷ ನಿಲ್ಲಬಾರದು.

ಯಂತ್ರ ನಮ್ಮದು, ಕಾಸು ನಮ್ಮದು. ತೀರ್ಪು ಮಾತ್ರ ಅಂಗಡಿಯವನದೇಕೆ? ಅಳೆಯಿರಿ, ಆಮೇಲೆ ಮಾತಾಡಿ!